ಸಹಾಯ ಬೇಕು: ಸೈಕಸ್ ಗಿಡವೂ ಉಳಿಯಬೇಕು, ನೀಲಿ ಚಿಟ್ಟೆಯೂ ಉಳಿಯಬೇಕು

ಮಾನ್ಯರೇ, ನಮಸ್ಕಾರ. ಬದಿಯಡ್ಕ ಸಮೀಪದ ನಮ್ಮ ಮನೆಯಂಗಳದ, ಪುಟ್ಟ ತಾಳೆಯಂತೆ ಕಾಣುವ ಸೈಕಸ್ ಎಂಬ ಅಲಂಕಾರಿಕ ಗಿಡದ ಹೊಸ ಚಿಗುರನ್ನು ಪ್ಲೇನ್ಸ್ ಕ್ಯುಪಿಡ್ ಎಂಬ ಪುಟ್ಟ ನೀಲಿ ಚಿಟ್ಟೆಯ ಮರಿಹುಳುಗಳು ಈ ವರ್ಷವೂ ದಂಟು ಮಾತ್ರ ಉಳಿಯುವಂತೆ ತಿಂದು ಮುಗಿಸಿವೆ. 1829ರಲ್ಲಿ ಪ್ರಕೃತಿ ವಿಜ್ಞಾನಿ ಥಾಮಸ್ ಹಾರ್ಸ್‌ಫೀಲ್ಡ್ ವೈಜ್ಞಾನಿಕ ಹೆಸರಿನಲ್ಲಿ 'ಪಾಂಡವ' ಎಂದು ಕರೆದ ಚಿಟ್ಟೆಯಿದು. ಸುರುಳಿ ಬಿಚ್ಚುತ್ತಿದ್ದ ಎಳೆಯ ಎಲೆಯೊಂದರ ಮೇಲೆ ಇರುವೆಗಳು ಹುಳುವಿನ ಬೆನ್ನನ್ನು ಮೀಸೆಯಿಂದ ತಟ್ಟಿ, ಅದು ಒಸರಿಸುವ ಸಿಹಿದ್ರವವನ್ನು ಹೀರುತ್ತ, ಅದಕ್ಕೆ ಕಾವಲು ನಿಂತಿದ್ದುದನ್ನು ಕಂಡ ಮೇಲೆ ವಿಷ ಸಿಂಪಡಿಸಲು ನನಗೆ ಮನಸ್ಸಾಗಲಿಲ್ಲ. ಬಲಿತ ಎಲೆಯನ್ನು ಈ ಹುಳುಗಳು ತಿನ್ನಲಾರವು. ಆದ್ದರಿಂದ ಮುಂದಿನ ಚಿಗುರು ಬಲಿಯುವವರೆಗೆ ಸೊಳ್ಳೆಪರದೆಯ ಬಟ್ಟೆ ಹೊದಿಸಬೇಕೆಂದಿದ್ದೇನೆ. ನಮ್ಮ ಕಡೆಯ ಎಡೆಬಿಡದ ಮಳೆಯಲ್ಲಿ ಪರದೆಯೊಳಗೆ ಸುಳಿ ಕೊಳೆಯದಂತೆ ನೋಡಿಕೊಂಡವರು, ಅಥವಾ ಒಂದು ಗಿಡವನ್ನು ಚಿಟ್ಟೆಗೆಂದೇ ಬಿಟ್ಟು ಇನ್ನೊಂದನ್ನು ಕಾಪಾಡಿಕೊಂಡವರು ಇದ್ದರೆ ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕಾಗಿ ವಿನಂತಿ.