ದೊಡ್ಡಹಬ್ಬ ಮುಗಿಸಿ ಬಂದು ವಾರವಾಯಿತು, ಕೆಲಸಕ್ಕೆ ಕೈಯೇ ಓಡುತ್ತಿಲ್ಲ

ಪ್ರಶ್ನೆ: ತೋಟದ ಹುಡುಗ

ನಮಸ್ಕಾರ. ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಊರು ಸಾಗರದ ಹತ್ತಿರ. ದೀಪಾವಳಿಗೆಂದು ಹೋದವನು ಹಬ್ಬ ಮುಗಿದ ಮೇಲೂ ರಜೆ ಹಾಕಿ ಅಲ್ಲೇ ಉಳಿದೆ, ಯಾಕೆಂದರೆ ಅಡಿಕೆ ಕೊಯ್ಲು ಶುರುವಾಗಿತ್ತು, ಅಪ್ಪ ಒಬ್ಬರಿಗೇ ಆಗುವುದಿಲ್ಲ. ಹಗಲೆಲ್ಲ ತೋಟ, ರಾತ್ರಿ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯುವವರ ಜೊತೆ ಹರಟೆ. ಮಲಗುವಾಗ ಒಂದು ಗಂಟೆ. ಮೈ ನೋಯುತ್ತಿತ್ತು, ಆದರೆ ಖುಷಿಯಾಗಿದ್ದೆ.

ಭಾನುವಾರ ರಾತ್ರಿ ಬಸ್ಸು ಹತ್ತಿದೆ. ಸೋಮವಾರ ಬೆಳಿಗ್ಗೆ ನೆಲಮಂಗಲದ ಜಾಮ್ ಗೊತ್ತಲ್ಲ, ಎಂಟನೇ ಮೈಲಿಯಲ್ಲಿ ಇಳಿದು ರೂಮಿಗೆ ಓಡಿ, ತಲೆಗೆ ನಾಲ್ಕು ಚೊಂಬು ನೀರು ಹಾಕಿಕೊಂಡು ಸೀದಾ ಆಫೀಸು. ಅವತ್ತಿನಿಂದ ಇದೇ ಕಥೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆಯುತ್ತೇನೆ, ಒಂದು ವೋಚರ್ ಹಾಕುತ್ತೇನೆ, ಮೇಲ್ ನೋಡುತ್ತೇನೆ, ಅದನ್ನು ಅರ್ಧಕ್ಕೆ ಬಿಟ್ಟು ಮೊಬೈಲ್, ಆಮೇಲೆ ಟೀ. ಬಿಲ್ಲುಗಳ ರಾಶಿ ಮಾತ್ರ ಹಾಗೇ ಇದೆ. ನಿನ್ನೆ ಬಾಸ್ "ಇನ್ನೂ ಊರಲ್ಲೇ ಇದ್ದೀಯೇನಪ್ಪಾ?" ಅಂದರು.

ಇದು ಬರೀ ಸೋಮಾರಿತನವಾ, ಇಲ್ಲ ನನಗೆ ಈ ಕೆಲಸವೇ ಬೇಡವಾಗಿದೆಯಾ? ದಯವಿಟ್ಟು ಹುರುಪು ತುಂಬುವ ವೀಡಿಯೋ ಮಾತ್ರ ಕಳಿಸಬೇಡಿ. ನೋಡಿ ನೋಡಿ ಸಾಕಾಗಿದೆ.

ಲೆಕ್ಕದ ಗುಮಾಸ್ತ:

ಮನಸ್ಸಿನ ವಿಚಾರ ಆಮೇಲೆ. ಮೊದಲು ಕ್ಯಾಲೆಂಡರ್ ನೋಡಿ. 7ನೇ ತಾರೀಕಿಗೆ ಅಕ್ಟೋಬರ್ ಟಿಡಿಎಸ್ (ಬೇರೆಯವರಿಗೆ ದುಡ್ಡು ಕೊಡುವಾಗ ಕಡಿದಿಟ್ಟುಕೊಳ್ಳುವ ಆದಾಯ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-1, 14ಕ್ಕೆ ನಮ್ಮ ಖರೀದಿಯ ಜಿಎಸ್‌ಟಿ ಪಟ್ಟಿ 2ಬಿ ಬರುತ್ತದೆ, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ 3ಬಿ. ನಿಮ್ಮದು ತಿಂಗಳ ಫೈಲಿಂಗ್ ಅಂದುಕೊಂಡು ಹೇಳುತ್ತಿದ್ದೇನೆ. ಇವೆಲ್ಲ ತಲೆಯಲ್ಲಿ ಒಟ್ಟಿಗೆ ಕೂತು ಗಲಾಟೆ ಮಾಡುತ್ತಿವೆ, ಅದಕ್ಕೇ ಯಾವುದಕ್ಕೂ ಕೈ ಹೋಗುತ್ತಿಲ್ಲ. ಇದಕ್ಕೆ ಸೋಮಾರಿತನ ಅನ್ನುವುದು ತಪ್ಪು.

ಬಿಲ್ಲಿನ ರಾಶಿಯನ್ನು ಎಂಟ್ರಿ ಮಾಡಲು ಹೋಗಬೇಡಿ, ಸುಮ್ನೆ ಬೇರೆ ಬೇರೆ ಮಾಡಿ. ಬಾಡಿಗೆ, ಕಂಟ್ರಾಕ್ಟರ್, ಆಡಿಟರ್ ಫೀಸು ಹೀಗೆ ಟಿಡಿಎಸ್ ಕಡಿಯಬೇಕಾದವು ಒಂದು ಕಡೆ, ಅಕ್ಟೋಬರ್ ಮಾರಾಟದ ಬಿಲ್ಲು ಇನ್ನೊಂದು ಕಡೆ. ಕೊರಿಯರ್ ಚೀಟಿ, ಪೆಟ್ರೋಲ್ ಚೀಟಿ, ಟೀ ಅಂಗಡಿ ಲೆಕ್ಕ ಎಲ್ಲ ಒಂದು ಕವರಿಗೆ ಹಾಕಿ ಡ್ರಾಯರಿನಲ್ಲಿಡಿ, 20ರವರೆಗೆ ಅದರ ಮುಖ ನೋಡಬೇಡಿ. ಕಡಿದ ಟಿಡಿಎಸ್ ಕಟ್ಟಲು ತಡವಾದರೆ ತಿಂಗಳಿಗೆ 1.5% ಬಡ್ಡಿ, ಒಂದೇ ದಿನ ತಡವಾದರೂ ತಿಂಗಳ ಲೆಕ್ಕವೇ. ಟೀ ಅಂಗಡಿ ಚೀಟಿಗೆ ಯಾರೂ ಬಡ್ಡಿ ಕೇಳುವುದಿಲ್ಲ.

ಇನ್ನೊಂದು. ಬೆಳಿಗ್ಗೆ ಬಂದ ಕೂಡಲೇ ಮೇಲ್ ತೆರೆಯಬೇಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಲೆಡ್ಜರ್ ಜೊತೆ ಟಿಕ್ ಹಾಕುತ್ತಾ ಹೋಗಿ. ಯಾವುದೋ ಎನ್‌ಇಎಫ್‌ಟಿ ಯಾರದು ಅಂತ ಗೊತ್ತಾಗದಿದ್ದರೆ ಪೆನ್ಸಿಲಿನಲ್ಲಿ ಸುತ್ತು ಹಾಕಿ ಮುಂದೆ ನಡೆಯಿರಿ, ಅಲ್ಲೇ ಪಾರ್ಟಿಗೆ ಫೋನ್ ಹಚ್ಚಿದರೆ ಕೆಲಸ ಅಲ್ಲೇ ನಿಂತಿತು ಅಂತಲೇ ಲೆಕ್ಕ. ಈ ಕೆಲಸಕ್ಕೆ ಹುಮ್ಮಸ್ಸು ಬೇಡ, ಕಣ್ಣು ಸಾಕು. ಯಾರು ದುಡ್ಡು ಹಾಕಿದರು, ಯಾರ ಚೆಕ್ ವಾಪಸ್ ಬಂತು, ನೀವಿಲ್ಲದಾಗ ಆಫೀಸಿನಲ್ಲಿ ಏನೇನಾಯಿತು ಅನ್ನುವುದೆಲ್ಲ ಅದರಲ್ಲೇ ಇರುತ್ತದೆ. ಅದಾದ ಮೇಲೆ ಮೇಲ್ ತೆರೆದರೆ ಅರ್ಧಕ್ಕರ್ಧ ಮೇಲ್‌ಗಳು ಹಳೆಯ ಸುದ್ದಿ.

ನೈಟ್ ಡ್ಯೂಟಿ:

ಗುಮಾಸ್ತರು ಹೇಳಿದ್ದು ಸರಿ, ಆದರೆ ನಿದ್ದೆಯ ಮಾತನ್ನೇ ಯಾರೂ ಎತ್ತಿಲ್ಲ. ನಾನು ನರ್ಸ್, ಶಿಫ್ಟ್ ಬದಲಾದಾಗಲೆಲ್ಲ ಇದೇ ಪಾಡು. ಒಂದು ಗಂಟೆಗೆ ಮಲಗುವುದು ರೂಢಿಯಾದ ಮೇಲೆ ಬಸ್ಸಿನಲ್ಲಿ ಅರೆನಿದ್ದೆ ಮಾಡಿ ಸೀದಾ ಕುರ್ಚಿಯಲ್ಲಿ ಕೂತರೆ ತಲೆ ಓಡುವುದಾದರೂ ಹೇಗೆ? ಬೇಗ ಮಲಗಲು ಒದ್ದಾಡಬೇಡಿ, ಅದು ಆಗುವುದಿಲ್ಲ. ಏಳುವ ಹೊತ್ತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ, ಭಾನುವಾರವೂ ಅಷ್ಟೇ. ಎದ್ದ ಕೂಡಲೇ ಟೆರೇಸಿಗೋ ಬೀದಿಗೋ ಹೋಗಿ ಬೆಳಕಿನಲ್ಲಿ ಸ್ವಲ್ಪ ಹೊತ್ತು ಓಡಾಡಿ. ದೇಹದ ಗಡಿಯಾರ ಸರಿಹೋಗುವುದು ಬೆಳಗಿನ ಬೆಳಕಿನಿಂದ. ಮತ್ತೆ ಆ ಸಂಜೆಯ ಟೀ ಕಾಫಿ ಬಿಡಿ. ಕುಡಿದು ಐದಾರು ಗಂಟೆಯಾದರೂ ಅದರ ಅರ್ಧದಷ್ಟು ಕೆಫೀನ್ ಮೈಯಲ್ಲೇ ಇರುತ್ತದೆ.

ಸ್ಟುಟ್‌ಗಾರ್ಟ್ ಕನ್ನಡಿಗ:

ನನಗೆ ತಪ್ಪು ನಿಮ್ಮ ಆಫೀಸಿನದು ಅನಿಸುತ್ತದೆ. ಇಲ್ಲಿ ಜರ್ಮನಿಯಲ್ಲಿ 1963ರ ರಜೆ ಕಾನೂನಿನ ಪ್ರಕಾರ ವಾರಕ್ಕೆ ಐದು ದಿನ ದುಡಿಯುವವನಿಗೆ ವರ್ಷಕ್ಕೆ ಕನಿಷ್ಠ 20 ದಿನ ರಜೆ, ಅದರಲ್ಲಿ ಎರಡು ವಾರವಾದರೂ ಒಟ್ಟಿಗೆ ಸಿಗುವಂತೆ ಕೊಡಬೇಕು. ಅದಕ್ಕಿಂತ ದೊಡ್ಡ ವಿಷಯ ಅಂದರೆ, ನಾನು ರಜೆಯಲ್ಲಿದ್ದಾಗ ನನ್ನ ಕೆಲಸಕ್ಕೆ ಇನ್ನೊಬ್ಬರ ಹೆಸರಿರುತ್ತದೆ, ಮೇಲ್ ಕಳಿಸಿದವರಿಗೆ ಆ ಹೆಸರೇ ಉತ್ತರವಾಗಿ ಹೋಗುತ್ತದೆ. ವಾಪಸ್ ಬಂದಾಗ ರಾಶಿ ಇರುವುದೇ ಇಲ್ಲ ಅಂತಲ್ಲ, ಆದರೆ ಹೆದರುವಷ್ಟು ಇರುವುದಿಲ್ಲ.

ಆ ವೋಚರ್, ಮೇಲ್, ಮೊಬೈಲ್ ಹಾರಾಟದ ಬಗ್ಗೆಯೂ ಒಂದು ಮಾತು. ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ಇದರ ಬಗ್ಗೆಯೇ ಬರೆದಿದ್ದಾರೆ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಮೊದಲನೆಯದರ ಗುಂಗು ತಲೆಯಲ್ಲೇ ಉಳಿದು ಎರಡನೆಯದನ್ನೂ ಕೆಡಿಸುತ್ತದೆ. ಹಾಗಾಗಿ ಟೀಗೆ ಏಳುವುದಿದ್ದರೂ ಕೈಲಿರುವ ಬಿಲ್ಲು ಮುಗಿಸಿಯೇ ಏಳಿ.

ಲೆಕ್ಕದ ಗುಮಾಸ್ತ:

ಜರ್ಮನಿ ಕಥೆ ಕೇಳಲು ಚೆನ್ನಾಗಿದೆ ಮಾರಾಯ್ರೇ, ಆದರೆ ಇಂಥ ಕಂಪನಿಗಳಲ್ಲಿ ಅಕೌಂಟ್ಸ್ ಅಂದರೆ ಒಬ್ಬನೇ ಮನುಷ್ಯ, ಅವನಿಲ್ಲದಿದ್ದರೆ ಬೀಗ. ಆದರೂ ಒಂದು ಮಾಡಬಹುದು. ಮುಂದಿನ ಸಲ ಹೋಗುವ ಮುಂಚೆ ಯಾವುದು ಎಲ್ಲಿಗೆ ನಿಂತಿದೆ, ಬಂದ ಮೇಲೆ ಮೊದಲು ಏನು ಅಂತ ಅರ್ಧ ಪುಟ ಬರೆದು ಮಾನಿಟರಿಗೆ ಅಂಟಿಸಿ ಹೋಗಿ. ಮತ್ತೆ ಸೋಮವಾರ ಬರಬೇಡಿ. ಬುಧವಾರ ಬಂದರೆ ಮೂರೇ ದಿನಕ್ಕೆ ವಾರ ಮುಗಿಯುತ್ತದೆ, ನೆಲಮಂಗಲದಲ್ಲಿ ಅಷ್ಟು ಜಾಮೂ ಇರುವುದಿಲ್ಲ.

ತುಂಗೆ ದಡದ ಅಕ್ಕ:

ತಮ್ಮಾ, ನೀನು ಬರೆದದ್ದನ್ನು ಇನ್ನೊಂದು ಸಲ ನೀನೇ ಓದಿ ನೋಡು. ಆಫೀಸಿನ ಬಗ್ಗೆ ಬರೆದಿದ್ದಕ್ಕಿಂತ "ಅಪ್ಪ ಒಬ್ಬರಿಗೇ ಆಗುವುದಿಲ್ಲ" ಅನ್ನುವುದರಲ್ಲೇ ಭಾರ ಜಾಸ್ತಿ ಇದೆ. ಕೊಯ್ಲು ಅರ್ಧದಲ್ಲಿ ಬಿಟ್ಟು ಬಂದಿದ್ದೀಯ, ಮನಸ್ಸು ಅಲ್ಲೇ ಇದೆ, ಇದರಲ್ಲಿ ಆಶ್ಚರ್ಯ ಏನು? ಮರದಿಂದ ಅಡಿಕೆ ಕೊನೆ ಇಳಿಸುವವರು ಸಿಗುತ್ತಿದ್ದಾರಾ, ಸುಲಿಯಲು ಜನ ಬಂದಿದ್ದಾರಾ ಅಂತ ದಿನಾ ರಾತ್ರಿ ಅಪ್ಪನಿಗೆ ಒಂದು ಫೋನ್ ಮಾಡು, ಹಗಲಲ್ಲಿ ಅದನ್ನೇ ಯೋಚಿಸುತ್ತಾ ಕೂರುವುದು ತಪ್ಪುತ್ತದೆ. ಊರಿಗೇ ಹೋಗಿ ನೆಲೆಸಬೇಕಾ ಅನ್ನುವುದು ದೊಡ್ಡ ಪ್ರಶ್ನೆ. ಹಬ್ಬದ ಹುಮ್ಮಸ್ಸಿನಲ್ಲೂ ಬೇಡ, ಈಗಿನ ಬೇಸರದಲ್ಲೂ ಬೇಡ. ಮಳೆಗಾಲದಲ್ಲಿ ಒಮ್ಮೆ ಹೋಗಿ ಜೂನ್ ಜುಲೈ ನೋಡು. ಕೊಳೆರೋಗಕ್ಕೆ ಔಷಧಿ ಹೊಡೆಸಲು ಜನ ಹುಡುಕುವಾಗಲೂ ತೋಟ ಇಷ್ಟೇ ಚೆಂದ ಕಂಡರೆ ಆಗ ಮಾತಾಡೋಣ.

ಒಂದು ವೇಳೆ ಇನ್ನೂ ಎರಡು ವಾರ ಕಳೆದರೂ ಊಟ ನಿದ್ದೆ ಏನೂ ಬೇಡ ಅನಿಸುತ್ತಿದ್ದರೆ ಇಲ್ಲಿ ಕೇಳುತ್ತಾ ಕೂರಬೇಡ, ಡಾಕ್ಟರ ಹತ್ತಿರ ಹೋಗು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡಿದರೂ ಆಯಿತು, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ತೋಟದ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ಊಟ ಎಲ್ಲ ಸರಿಯಾಗಿದೆ, ಊಟದ ವಿಚಾರದಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ. ಜೂನ್ ಮಾತು ಮಾತ್ರ ನಾಟಿತು.

ಮಧ್ಯಾಹ್ನ ಬಿಲ್ಲು ಬೇರೆ ಮಾಡಿದೆ. ಟಿಡಿಎಸ್‌ನವು ಬೆರಳೆಣಿಕೆಯಷ್ಟೇ ಇವೆ, ಉಳಿದಿದ್ದೆಲ್ಲ ಕೊರಿಯರ್, ಪೆಟ್ರೋಲ್. ಇಷ್ಟಕ್ಕೇನಾ ಹೆದರಿದ್ದು ಅನಿಸಿತು. ಗುಮಾಸ್ತರೇ, ಒಂದು ಡೌಟು: ಕಂಟ್ರಾಕ್ಟರ್ ಬಿಲ್ಲು ಸೆಪ್ಟೆಂಬರ್ ತಾರೀಕಿನದು, ಆದರೆ ನಮ್ಮ ಕೈಗೆ ಬಂದಿದ್ದು ಅಕ್ಟೋಬರಿನಲ್ಲಿ, ದುಡ್ಡು ಇನ್ನೂ ಕೊಟ್ಟಿಲ್ಲ. ಎಂಟ್ರಿ ಯಾವ ತಿಂಗಳಿಗೆ ಹಾಕಲಿ?

ಲೆಕ್ಕದ ಗುಮಾಸ್ತ:

ಸೆಪ್ಟೆಂಬರ್ ಪುಸ್ತಕ ಮುಚ್ಚಿದ್ದೀರಾ ಇಲ್ಲವಾ, ಅದನ್ನು ಮೊದಲು ಹೇಳಿ. ಬಿಲ್ಲಿನ ತಾರೀಕು, ಮೊತ್ತ ಎರಡನ್ನೂ ಇಲ್ಲಿ ಹಾಕಿ, ಪಾರ್ಟಿ ಹೆಸರು ಬೇಡ.