ಸಹಾಯ ಬೇಕು: ಪೈಥಾನ್‌ನಲ್ಲಿ ಕನ್ನಡ ಪಠ್ಯವನ್ನು 20 ಬೈಟ್‌ಗೆ ಕತ್ತರಿಸುವುದು ಹೇಗೆ?

ನಮಸ್ಕಾರ. ಹಳೆಯ ಕಾಲದ ಒಂದು ತಂತ್ರಾಂಶಕ್ಕೆ ಕಡತ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಹೆಸರಿನ ಅಂಕಣ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಸರಿಯಾಗಿ 20 ಬೈಟ್ ಇರಬೇಕು. ಒಂದು ಬೈಟ್ ಹೆಚ್ಚಾದರೂ ಮುಂದಿನ ಅಂಕಣಗಳೆಲ್ಲ ಪಕ್ಕಕ್ಕೆ ಸರಿದುಬಿಡುತ್ತವೆ.

ಪೈಥಾನ್‌ನ ಎಲ್‌ಜಸ್ಟ್ (ljust) ಫಂಕ್ಷನ್ ಪಠ್ಯದ ಕೊನೆಗೆ ಖಾಲಿ ಜಾಗ ತುಂಬುತ್ತದೆ, ಆದರೆ ಉದ್ದದ ಪಠ್ಯವನ್ನು ಕತ್ತರಿಸುವುದಿಲ್ಲ. ಮೇಲಾಗಿ ಅದು ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ಬೈಟ್‌ಗಳನ್ನಲ್ಲ. ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು.

‘ಲಕ್ಷ್ಮೀನಾರಾಯಣ’ ಎಂಬುದನ್ನೇ ನೋಡಿ: 13 ಸಂಕೇತ, 39 ಬೈಟ್. ಎನ್‌ಕೋಡ್ ಮಾಡಿ (ಬೈಟ್‌ಗಳಾಗಿಸಿ) 20 ಬೈಟ್‌ಗೆ ಕತ್ತರಿಸಿದರೆ ಕೊನೆಯಲ್ಲಿ ದೀರ್ಘದ ಗುಣಿತ ಚಿಹ್ನೆಯ 2 ಬೈಟ್ ಮಾತ್ರ ಉಳಿಯುತ್ತದೆ. ಮರಳಿ ಪಠ್ಯವಾಗಿ ಡಿಕೋಡ್ ಮಾಡುವಾಗ ‘ಇಗ್ನೋರ್’ (ದೋಷವಿರುವ ಬೈಟ್ ಬಿಟ್ಟುಬಿಡು) ಎಂದು ಕೊಟ್ಟರೆ ಆ ಚೂರು ಹೋಗುತ್ತದೆ, ಆದರೆ ಸಿಗುವುದು ‘ಲಕ್ಷ್ಮ’. ಮಿತಿ 15 ಆದರೆ ಇನ್ನೂ ಅಂದಗೆಟ್ಟ ‘ಲಕ್ಷ್’.

ನನಗೆ ಬೇಕಿರುವುದು ಪೂರ್ತಿ ಅಕ್ಷರದ ಗಡಿಯಲ್ಲಿ ನಿಲ್ಲುವ ಕತ್ತರಿ. ‘ಕ್ಷ್ಮೀ’ ಒಂದಕ್ಕೇ 18 ಬೈಟ್ ಆಗುವುದರಿಂದ ಇಲ್ಲಿ ‘ಲ’ ಮತ್ತು 17 ಖಾಲಿ ಜಾಗ ಮಾತ್ರ ಉಳಿಯುತ್ತದೆ. ಒಂದೇ ಬೈಟ್‌ನ ಕೊರತೆಗೆ ಇಷ್ಟು ದಂಡ! ಆದರೂ ಒಡೆದ ಅಕ್ಷರಕ್ಕಿಂತ ಅದೇ ವಾಸಿ.

ಪೈಥಾನ್‌ನ ರೆಜೆಕ್ಸ್ (regex) ಲೈಬ್ರರಿಯಲ್ಲಿ ಗ್ರಾಫೀಮ್ (ಓದುಗರಿಗೆ ಒಂದೇ ಅಕ್ಷರವಾಗಿ ಕಾಣುವ ಸಂಕೇತಗಳ ಗುಂಪು) ಹುಡುಕುವ ಸೌಲಭ್ಯವಿದೆ. ನನ್ನಲ್ಲಿರುವ ಆವೃತ್ತಿ ವಿರಾಮದ (ಅರ್ಧಾಕ್ಷರ ಮಾಡುವ ‘್’ ಗುರುತು) ನಂತರ ತುಂಡು ಮಾಡುತ್ತಿದೆ, ಹಾಗಾಗಿ ಒತ್ತಕ್ಷರಗಳು ಬೇರೆಯಾಗುತ್ತವೆ. ವಿರಾಮದಲ್ಲಿ ಮುಗಿಯುವ ತುಂಡನ್ನು ಮುಂದಿನದಕ್ಕೆ ಅಂಟಿಸಿಕೊಂಡರೆ ಸಾಕೇ? ಜೀರೋ ವಿಡ್ತ್ ನಾನ್ ಜಾಯ್ನರ್ (ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತ) ಬಂದಾಗ ಏನು ಮಾಡುತ್ತೀರಿ? ಈಗಾಗಲೇ ಬಳಸುತ್ತಿರುವ ಫಂಕ್ಷನ್ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.

ಸಂಖ್ಯೆಯ ಅಂಕಣಗಳಿಗೆ ಮುಂದೆ ಸೊನ್ನೆ ತುಂಬುವ ಜೀಫಿಲ್ (zfill) ಸಾಕಾಗಿದೆ. ಋಣ ಚಿಹ್ನೆಯನ್ನೂ ಅದು ಸೊನ್ನೆಗಳಿಗಿಂತ ಮುಂದೆಯೇ ಇಡುತ್ತದೆ. ತೊಂದರೆ ಇರುವುದು ಹೆಸರುಗಳದ್ದೇ.