ಹೊಸದಾಗಿ ತಂದ ಫ್ಯಾಟ್‌ಟೇಲ್ ಗೆಕ್ಕೊ 9 ದಿನದಿಂದ ಏನೂ ತಿಂದಿಲ್ಲ. ನಮ್ಮ ರೇಷ್ಮೆ ಹುಳು ಕೊಡಬಹುದಾ?

ಹುಳುಮನೆ ಅಕ್ಕ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದ ಹತ್ತಿರ ನಮ್ಮ ಹಳ್ಳಿ. ರೇಷ್ಮೆ ಹುಳು ಸಾಕುತ್ತೇವೆ. ಎಂಟನೇ ಕ್ಲಾಸ್ ಓದುವ ಮಗ ಎರಡು ವರ್ಷ ಕಾಡಿ ಬೇಡಿ, ಕೊನೆಗೆ ಅವರಪ್ಪನ ಕೈಲಿ ಬೆಂಗಳೂರಿನಿಂದ ಒಂದು ಆಫ್ರಿಕನ್ ಫ್ಯಾಟ್‌ಟೇಲ್ ಗೆಕ್ಕೊ (ಹಲ್ಲಿ ಜಾತಿಯ ಪ್ರಾಣಿ) ತರಿಸಿಕೊಂಡ. ಕಂದು ಮೈ, ಅಡ್ಡ ಪಟ್ಟೆ, ದಪ್ಪ ಬಾಲ. ಗುಂಡ ಅಂತ ಹೆಸರಿಟ್ಟಿದ್ದಾನೆ. ಬಂದು ಇವತ್ತಿಗೆ 9 ದಿನ. ಒಂದು ಹುಳುವನ್ನೂ ಬಾಯಿಗೆ ಹಾಕಿಲ್ಲ.

ಅಂಗಡಿಯವರು ಮೀಲ್‌ವರ್ಮ್ ಅನ್ನೋ ಹುಳುವಿನ ಡಬ್ಬಿ ಕೊಟ್ಟಿದ್ದರು. ರಾತ್ರಿ ಬಟ್ಟಲಿಗೆ ಹಾಕಿಟ್ಟರೆ ಬೆಳಗ್ಗೆ ಹಾಗೇ ಇರುತ್ತೆ. ಗಾಜಿನ ಪೆಟ್ಟಿಗೆ ಹಾಲ್‌ನಲ್ಲಿ ಟಿವಿ ಪಕ್ಕ ಇದೆ. ಕೆಳಗೆ ಮರಳು, ಒಂದು ತೆಂಗಿನ ಚಿಪ್ಪು, ಮೇಲೆ ಬಲ್ಬ್. ಬಲ್ಬ್ ರಾತ್ರಿ ಆರಿಸುತ್ತೇವೆ. ಮಗ ಶಾಲೆಯಿಂದ ಬಂದವನೇ ಕೈಗೆ ತೆಗೆದುಕೊಳ್ಳುತ್ತಾನೆ. ಬೀದಿಯ ಮಕ್ಕಳೆಲ್ಲ ನೋಡೋಕೆ ಬರುತ್ತಾರೆ. ಸಣ್ಣ ತಕ್ಕಡಿಯಲ್ಲಿ ತೂಗಿದೆ. ಬಂದ ದಿನ 34 ಗ್ರಾಂ ಇತ್ತು, ಇವತ್ತು 33.

ಹುಳುಮನೆಯಲ್ಲಿ ಹಲ್ಲಿ ಕಂಡರೆ ನಮ್ಮತ್ತೆ ಪೊರಕೆ ಹಿಡಿದು ಓಡಿಸುತ್ತಾರೆ, ಹುಳು ತಿನ್ನುತ್ತೆ ಅಂತ. ಅದೇ ಅತ್ತೆ ನಿನ್ನೆ ಗಾಜಿನ ಮುಂದೆ ತುಂಬಾ ಹೊತ್ತು ಕೂತಿದ್ದರು. "ಇದು ಹಲ್ಲಿ ಅಲ್ಲ ಕಣೆ, ಕಣ್ಣು ಮುಚ್ಚಿಕೊಂಡು ಮಲಗಿದೆ ನೋಡು" ಅಂದರು. ನಿಜ, ಮನೆಯ ಹಲ್ಲಿಗೆ ಇಲ್ಲದ ರೆಪ್ಪೆ ಇದಕ್ಕೆ ಇದೆ. ಗೋಡೆಯನ್ನೂ ಹತ್ತಲ್ಲ. ಆಮೇಲೆ ಅವರೇ "ನಮ್ಮ ಹುಳುನೇ ಎರಡು ಕೊಟ್ಟು ನೋಡೇ" ಅಂದರು. ಚಾಕಿ ಕೇಂದ್ರದಿಂದ (ಮರಿ ಹುಳು ಸಾಕಿ ಕೊಡುವ ಜಾಗ) ಎರಡನೇ ಜ್ವರ ಎದ್ದ, ಅಂದರೆ ಎರಡನೇ ಸಲ ಪೊರೆ ಬಿಟ್ಟ ಹುಳು ನಿನ್ನೆ ತಾನೇ ಬಂದಿದೆ. ಕೊಡಬಹುದಾ? ಬಾಯಿಲ್ಲದ ಜೀವ ಹಸಿದಿದೆ ಅಂತ ನೆನೆದರೆ ನನಗೆ ಊಟ ಸೇರುತ್ತಿಲ್ಲ.

ಕ್ಯಾತ್ಸಂದ್ರದವನು, ತುಮಕೂರು

ಅಕ್ಕ, ಮೊದಲು ನೀವು ಊಟ ಮಾಡಿ. 9 ದಿನಕ್ಕೆ 1 ಗ್ರಾಂ ಇಳಿದಿದ್ದರೆ ಗಾಬರಿ ಬೇಡ. ಆ ಬಾಲದಲ್ಲಿರೋದು ಕೊಬ್ಬು, ಅದೇ ಅದರ ಕಣಜ. ಬಾಲ ದಪ್ಪಗಿರುವವರೆಗೆ ಸಮಯ ಇದೆ.

ಕಾರಣ ನೀವೇ ಬರೆದಿದ್ದೀರಿ, ರಾತ್ರಿ ಬಲ್ಬ್ ಆರಿಸುತ್ತೇವೆ ಅಂತ. ಜನವರಿಯಲ್ಲಿ ನಿಮ್ಮ ಕಡೆ ಬೆಳಗಿನ ಜಾವ ಎಷ್ಟು ಚಳಿ! ಈ ಪ್ರಾಣಿ ಪಶ್ಚಿಮ ಆಫ್ರಿಕಾದ್ದು. ಮೈ ಬಿಸಿಯನ್ನು ತಾನೇ ಮಾಡಿಕೊಳ್ಳಲ್ಲ, ಹೊರಗಿನಿಂದ ಸಿಗಬೇಕು. ಹೊಟ್ಟೆ ಬೆಚ್ಚಗಿಲ್ಲದಿದ್ದರೆ ತಿಂದದ್ದು ಅರಗಲ್ಲ, ಅದಕ್ಕೇ ತಿನ್ನೋದೇ ಇಲ್ಲ. ಪೆಟ್ಟಿಗೆಯ ಒಂದು ತುದಿಗೆ ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಸು) ಹಾಕಿ, ಜೊತೆಗೆ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಇರಲೇಬೇಕು. ಇಲ್ಲದಿದ್ದರೆ ಹೊಟ್ಟೆ ಸುಟ್ಟುಕೊಳ್ಳುತ್ತೆ. ಆ ತುದಿಯ ನೆಲ 31ರಿಂದ 32 ಡಿಗ್ರಿ, ಇನ್ನೊಂದು ತುದಿ 25ರ ಹತ್ತಿರ ಇರಲಿ. ಎಲ್ಲಿ ಬೇಕೋ ಅಲ್ಲಿಗೆ ಅದೇ ಹೋಗುತ್ತೆ.

ಮರಳು ತೆಗೆದು ಪೇಪರ್ ಹಾಸಿ. ಹುಳುವಿನ ಜೊತೆ ಮರಳೂ ಹೊಟ್ಟೆಗೆ ಹೋಗಿ ಕಟ್ಟಿಕೊಳ್ಳಬಹುದು. ಮೂರು ಕಡೆಯ ಗಾಜಿಗೂ ಪೇಪರ್ ಅಂಟಿಸಿ, ಟಿವಿ ಪಕ್ಕದಿಂದ ಎತ್ತಿಡಿ. ಅಡಗೋಕೆ ಬೆಚ್ಚಗಿನ ಕಡೆ ಒಂದು, ತಂಪಿನ ಕಡೆ ಒಂದು ಜಾಗ ಬೇಕು. ಮೂರನೆಯದಕ್ಕೆ ಒದ್ದೆ ತೆಂಗಿನ ನಾರಿನ ಪುಡಿ ತುಂಬಿ, ಇದಕ್ಕೆ ತೇವ ಬೇಕು. ಮತ್ತೆ ಮಗನಿಗೆ ಹೇಳಿ, ಅದು ನೆಟ್ಟಗೆ ತಿನ್ನುವವರೆಗೆ ಕೈ ಹಾಕಬಾರದು. ನಾನೂ ಮೊದಲ ವಾರ ದಿನಕ್ಕೆ ಹತ್ತು ಸಲ ಚಿಪ್ಪು ಎತ್ತಿ ನೋಡುತ್ತಿದ್ದೆ. ನನ್ನದು 17 ದಿನ ಉಪವಾಸ ಇತ್ತು. ನೋಡೋದು ಬಿಟ್ಟ ಮೇಲೆ ತಿಂದಿತು.

ಇನ್ನು ರೇಷ್ಮೆ ಹುಳು. ನೀವು ಪುಣ್ಯವಂತರು ಅಕ್ಕ! ಮೆತ್ತಗಿರುತ್ತೆ, ನೀರಿನಂಶ ಜಾಸ್ತಿ, ಕೊಬ್ಬು ಕಡಿಮೆ. ಔಷಧಿ ಹೊಡೆದ ಸೊಪ್ಪು ತಿಂದರೆ ಹುಳು ಬದುಕಲ್ಲ ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹೊಲದಿಂದ ಹಿಡಿದ ಮಿಡತೆಗೆ ಆ ನಂಬಿಕೆ ಇಲ್ಲ. ಆದರೆ ಈ ಹುಳು ಓಡಾಡಲ್ಲ, ಬಟ್ಟಲಲ್ಲಿಟ್ಟರೆ ಗುಂಡನ ಕಣ್ಣಿಗೆ ಬೀಳಲ್ಲ. ಮೊಂಡು ತುದಿಯ ಚಿಮಟದಲ್ಲಿ ಹಿಡಿದು ಮೂತಿಯ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಕತ್ತಲಾದ ಮೇಲೆ, ದೀಪ ಆರಿಸಿ.

ಮಾಲೂರು ಟೀಚರ್, ಕೋಲಾರ

ಎರಡು ಮಾತು ಸೇರಿಸುತ್ತೇನೆ. ಹುಳುವಿಗೆ ಕ್ಯಾಲ್ಸಿಯಂ ಪುಡಿ ಸವರದೆ ಕೊಡಬೇಡಿ, ಮೂಳೆ ಮೆತ್ತಗಾಗುತ್ತೆ. ಅದರಲ್ಲಿ ವಿಟಮಿನ್ ಡಿ3 ಇರಲಿ. ತಿನ್ನದ ಹುಳುವನ್ನು ರಾತ್ರಿ ಒಳಗೆ ಬಿಡಬೇಡಿ, ಮುಖ್ಯವಾಗಿ ಚಿಮ್ಮಂಡೆಯನ್ನು. ಮಲಗಿರುವ ಗೆಕ್ಕೊವನ್ನೇ ಕಚ್ಚುತ್ತೆ.

ಮೈ ಬೆಳ್ಳಗೆ ಮಂಕಾದರೆ ಹೆದರಬೇಡಿ. ಪೊರೆ ಬಿಡೋ ಮುಂಚೆ ಒಂದೆರಡು ದಿನ ತಿನ್ನಲ್ಲ. ಬಿಟ್ಟ ಪೊರೆಯನ್ನು ತಾನೇ ತಿಂದುಬಿಡುತ್ತೆ. ಬಾಲ ಸಣ್ಣಗಾಗುತ್ತಿದ್ದರೆ ಅಥವಾ ತೂಕ 30ಕ್ಕೆ ಬಂದರೆ ಕಾಯಬೇಡಿ. ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗಿ. ಹೊಟ್ಟೆಯಲ್ಲಿ ಜಂತು ಇದ್ದರೂ ಹೀಗೇ ಉಪವಾಸ ಇರುತ್ತೆ. ಮುಟ್ಟಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಿರಿ.

ಹುಳುಮನೆ ಅಕ್ಕ, ಶಿಡ್ಲಘಟ್ಟ

ಟೀಚರ್, ಪೊರೆ ವಿಷಯ ಓದಿ ಸಮಾಧಾನ ಆಯಿತು. ನಮ್ಮ ಹುಳುವೂ ಹಾಗೇ ಅಲ್ವಾ? ಜ್ವರಕ್ಕೆ ಕೂತರೆ ತಲೆ ಎತ್ತಿಕೊಂಡು ಸುಮ್ನೆ ಇರುತ್ತೆ, ಸೊಪ್ಪು ಮುಟ್ಟಲ್ಲ. ನಾವೂ ಹಾಕಲ್ಲ. ಹುಳುಮನೆಯಲ್ಲಿ ಬಿಸಿ ಎಷ್ಟು, ತೇವ ಎಷ್ಟು ಅಂತ ದಿನಾ ನೋಡುವವಳು ನಾನು. ಈ ಜೀವಕ್ಕೂ ಅದು ಬೇಕು ಅಂತ ಹೊಳೆಯಲೇ ಇಲ್ಲ. ಥರ್ಮಾಮೀಟರ್ ಇಟ್ಟು ನೋಡಿದೆ, ಬೆಳಗಿನ 5 ಗಂಟೆಗೆ ಪೆಟ್ಟಿಗೆಯೊಳಗೆ 18. ತುಂಬಾ ಸಂಕಟ ಆಯಿತು. ಇವರು ಮ್ಯಾಟು, ಥರ್ಮೋಸ್ಟಾಟು ತರೋಕೆ ಹೊರಟಿದ್ದಾರೆ. ಹುಳುವಿನ ಮೇಲೆ ಸುಣ್ಣ, ರೋಗ ತಡೆಯುವ ಪುಡಿ ಉದುರಿಸುತ್ತೇವಲ್ಲ, ಅದು ತೊಂದರೆಯಾ?

ಕ್ಯಾತ್ಸಂದ್ರದವನು, ತುಮಕೂರು

ಹೌದು, ಅಂಥದ್ದು ಬೇಡ. ಪುಡಿ ಹಾಕುವ ಮುಂಚೆಯೇ ಐವತ್ತು ಹುಳು ಬೇರೆ ತಟ್ಟೆಗೆ ತೆಗೆದಿಡಿ.

ಹುಳುಮನೆ ಅಕ್ಕ, ಶಿಡ್ಲಘಟ್ಟ

ಆರು ದಿನದ ಮೇಲೆ ಬರೆಯುತ್ತಿದ್ದೇನೆ. ತಿಂದ!

ಮ್ಯಾಟ್ ಹಾಕಿದ ಮೂರನೇ ರಾತ್ರಿ, 9 ಗಂಟೆ. ಹಾಲ್ ದೀಪ ಆರಿಸಿ ಒಳಮನೆಯ ಬೆಳಕಿನಲ್ಲೇ ಕೂತಿದ್ದೆವು. ಮಗನೇ ಚಿಮಟ ಹಿಡಿದಿದ್ದ. ಗುಂಡ ಚಿಪ್ಪಿನಿಂದ ತಲೆ ಹೊರಗೆ ಹಾಕಿದ. ಹುಳು ಅರ್ಧ ಮೈ ಎತ್ತಿ ಆ ಕಡೆ ಈ ಕಡೆ ಆಡಿತು. ಅವನ ಬಾಲದ ತುದಿ ಸಣ್ಣಗೆ ನಡುಗಿತು, ಕತ್ತು ಓರೆ ಮಾಡಿದ, ಗಬಕ್ಕನೆ ಹಿಡಿದ. ನುಂಗಿ, ನಾಲಿಗೆಯಲ್ಲಿ ತುಟಿ ಸವರಿಕೊಂಡು ಕಣ್ಣು ಮುಚ್ಚಿದ. ಅತ್ತೆ ನನ್ನ ಕೈ ಹಿಸುಕಿ ಹಿಡಿದಿದ್ದರು. ಅವತ್ತು ಮೂರು ತಿಂದ, ಒಂದು ದಿನ ಬಿಟ್ಟು ಐದು. ಇವತ್ತು ಪೇಪರ್ ಮೇಲೆ ಹಿಕ್ಕೆಯೂ ಹಾಕಿದ್ದಾನೆ, ಕಪ್ಪಗೆ ಗಟ್ಟಿಯಾಗಿದೆ, ತುದಿಯಲ್ಲಿ ಬಿಳಿ. ತೂಕ 34.

ಹುಳು ಮೂರನೇ ಜ್ವರ ಎದ್ದಿದೆ, ದಿನದಿನಕ್ಕೆ ದಪ್ಪ ಆಗುತ್ತಿದೆ. ಇನ್ನು ಮೂರು ನಾಲ್ಕು ದಿನಕ್ಕೆ ಅವನ ಬಾಯಿಗೆ ಹಿಡಿಯಲ್ಲ. ಮುಂದಿನ ಚಾಕಿ ಬರುವವರೆಗೆ ಮೀಲ್‌ವರ್ಮ್ ಅಭ್ಯಾಸ ಮಾಡಿಸೋಣ ಅಂತಿದ್ದೇವೆ. ತಮ್ಮ, ನೀವು ಚಿಮ್ಮಂಡೆ ಮನೆಯಲ್ಲೇ ಸಾಕುತ್ತೀರಾ? ಹೇಗೆ ಅಂತ ಸ್ವಲ್ಪ ಬರೆಯಿರಿ, ತಟ್ಟೆ, ಜಾಗ ಎರಡೂ ನಮ್ಮಲ್ಲಿ ಬೇಕಾದಷ್ಟಿವೆ.